ಸೈಕಲ್ ಬಂಡೂನ ವನ್ಸ್ ಮೋರ್

ಯಡ್ರಾವ,
೧೨ ನವೆಂಬರ್, ಬುಧವಾರ

ಪ್ರೀತಿಯ ಕಾಜಲಗೆ,

ನಿನ್ನ ಅವ್ವನ ತುಂಬು ಮನಸ್ಸಿನ ಆಶೀರ್ವಾದ. ಮೈ ಹೇಗಿದೆ? ಹೋದ ವಾರ ವಿಡಿಯೋದಲ್ಲಿ ನೋಡಿದಾಗ ಕಣ್ಣ ಕೆಳಗೆ ಕಪ್ಪು ಕಂಡಿತು. ಕೇಳಿದರೆ "ಬೆಳಕಿಂದ ಹಂಗ ಕಾಣ್ತೈತಿ ಬೇ" ಅಂದೆ. ನನಗೆ ಗೊತ್ತಿಲ್ಲವೇನು ನಿನ್ನ ಬೆಳಕು! ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವ ಕೆಲಸ, ಮೇಲೆ ಆಂಬಾ ಘಾಟಿನ ತಿರುವು. ತಿರುವು ಬಂದಾಗ ಟಿಕೆಟ್ ಆಮೇಲೆ ಕೊಟ್ಟರಾಯಿತು, ಮೊದಲು ಕಂಬ ಹಿಡಿದುಕೋ. ಮಂಡಿ ನೋವಿಗೆ ಕಳಿಸಿದ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲಾ ಶೀಶೆ ಹಾಗೇ ಕಿಟಕಿಯಲ್ಲಿ ಕೂತಿದೆಯೋ? ರತ್ನಾಗಿರಿಯ ಅನ್ನ ನಿನಗೆ ಸೇರುವುದಿಲ್ಲವೆಂದು ಗೊತ್ತು. ಡಿಪೋದ ಹತ್ತಿರ ಜೋಳದ ಹಿಟ್ಟು ಸಿಗುತ್ತದೆ ಅಂದಿದ್ದೆ, ರಜೆ ಇದ್ದ ದಿನವಾದರೂ ಎರಡು ರೊಟ್ಟಿ ಬಡಿದುಕೋ. ಶೇಂಗಾ ಚಟ್ನಿ ಇನ್ನೊಂದು ಡಬ್ಬಿ ಮಾಡಿಟ್ಟಿದ್ದೇನೆ.

ಫೋನ್ ಇರುವಾಗ ಅವ್ವ ಯಾಕೆ ಪತ್ರ ಬರೆದಳು ಎಂದು ಗಾಬರಿಯಾಗಿರಬಹುದು. ಗಾಬರಿಯಾಗಬೇಡ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ಓಣಿಯಲ್ಲಿ ಫೋನಿನಲ್ಲಿ ಗುಟ್ಟು ಹೇಳುವುದು ಹೇಗೆ? ಎಡಕ್ಕೆ ಭಾವುಸಾಹೇಬರ ಕಾರಖಾನೆ, ಬಲಕ್ಕೆ ಇನ್ನೊಂದು, ಮಗ್ಗಗಳ ಸದ್ದಿನ ಮೇಲೆ ಒದರಿದರೇನೇ ನಿನಗೆ ಕೇಳುವುದು. ಒದರಿದ ಗುಟ್ಟು ದೊಡ್ಡ ರಸ್ತೆ ಕೂಡುವ ಯಡ್ರಾವ ಫಾಟಾದವರೆಗೆ ಹೋಗುತ್ತದೆ. ಮೆಸೇಜ್ ಮಾಡೋಣವೆಂದರೆ ಫೋನ್ ಈಗ ಒಂದು ತಿಂಗಳಿಂದ ನಿಮ್ಮಪ್ಪನ ಕೈಯಲ್ಲೇ ಇದೆ. ಕಾಗದದ ಮೇಲೆ ಕನ್ನಡದಲ್ಲಿ ಬರೆದರೆ ಮಾತ್ರ ಭಯವಿಲ್ಲ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಕಲಿತದ್ದೆಲ್ಲ ಮರಾಠಿ ಶಾಲೆ. ಸಂಕೇಶ್ವರದ ನನ್ನ ಏಳನೇ ಇಯತ್ತೆಯ ಕನ್ನಡವನ್ನು ನಿನಗೆ ಹಿಟ್ಟಿನ ಮೇಲೆ ಬೆರಳಾಡಿಸಿ ಕಲಿಸಿದ್ದು ಇವತ್ತು ಉಪಯೋಗಕ್ಕೆ ಬಂತು. ನಿಧಾನವಾಗಿ ಓದು.

ನನ್ನ ಮುಖದ ವಿಷಯ ನೀನು ಕೇಳಿಯೇ ಕೇಳುತ್ತೀ, ಮೊದಲೇ ಹೇಳಿಬಿಡುತ್ತೇನೆ. ಯುಗಾದಿಯ ಹೊತ್ತಿಗೆ ವಾಯು ಬಡಿದು ವಾರೆಯಾದ ಬಾಯಿ ಮುಕ್ಕಾಲು ಪಾಲು ನೆಟ್ಟಗಾಗಿದೆ. ಊಟ ಮಾಡುವಾಗ ಈಗ ನೀರು ಸೋರುವುದಿಲ್ಲ. ಆದರೆ ಮಾತಾಡಿದರೆ ಎಡಗಡೆ ತುಟಿ ಎಳೆಯುತ್ತದೆ. ನಾಲ್ಕು ಜನರ ಮುಂದೆ ನಾಚಿಕೆ ಅನ್ನಿಸಿ ಸೆರಗು ಅಡ್ಡ ಹಿಡಿದು ಮಾತಾಡುವುದು ರೂಢಿಯಾಯಿತು, ಈಗ ಮನೆಯಲ್ಲೂ ಹಾಗೇ. ನಿಮ್ಮಪ್ಪ ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ ಎಂಬುದೇ ನನ್ನ ಸಂಕಟ. ಮೊದಲು ಎಷ್ಟು ಮಾತಾಡುತ್ತಿದ್ದರು! ಈಗ ನಾನು ಹೇಳಿದ್ದಕ್ಕೆ ತಾಟಿನ ಕಡೆ ನೋಡಿ ಹ್ಞೂಂ ಅನ್ನುತ್ತಾರೆ, ಇಲ್ಲಾ ಕೇಳದೆ ಎದ್ದು ಹೋಗುತ್ತಾರೆ. ಹಾಲು ತನ್ನಿ ಎಂದರೆ ಉಪ್ಪು ತರುತ್ತಾರೆ. ಈ ಮುಖ ನೋಡಲು ಅವರಿಗೆ ಬೇಸರ ಬಂದಿದೆ ಎಂದುಕೊಂಡು ಎಷ್ಟೋ ಸಲ ಹಿತ್ತಲಲ್ಲಿ ಅತ್ತಿದ್ದೇನೆ. ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ.

ಇನ್ನು ಊರಿನ ಸುದ್ದಿ. ನಿನ್ನ ಬಸ್ಸಿನಲ್ಲೂ ಜನ ಹಚ್ಚಿರಬಹುದು, ಜಿನಪಾಲ ನೇಜಕರರ ಹಾಡುಗಳು ಬಂದಿವೆ. ನಿನಗೆ ನೆನಪಿರಬೇಕು, ನಿಮ್ಮಪ್ಪನ ಟ್ರಂಕಿನಲ್ಲಿ ಫೋಟೋ ಇತ್ತಲ್ಲ, ಮೈಕಿಗೆ ತುಟಿ ತಾಗಿಸಿ, ಕಣ್ಣು ಅರ್ಧ ಮುಚ್ಚಿ ನಿಂತವರು. ಅವರು ಕನ್ನಡ, ಮರಾಠಿ ಎರಡರಲ್ಲೂ ಹಾಡುತ್ತಿದ್ದರು. ಎಂದೂ ದನಿ ಏರಿಸುತ್ತಿರಲಿಲ್ಲ. ಸಾವಿರ ಜನ ಕೂತಿದ್ದರೂ ಒಬ್ಬೊಬ್ಬರ ಕಿವಿಯಲ್ಲಿ ಬೇರೆ ಬೇರೆ ಹೇಳಿದಂತೆ ಹಾಡುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಉಳಿದದ್ದು ಗ್ರಾಮಫೋನಿನ ಎರಡು ತಟ್ಟೆ, ಅವೂ ಸವೆದು ಕರಕರ ಅನ್ನುತ್ತಿದ್ದವು. ಈಗ ನೋಡಿದರೆ ಗಡಹಿಂಗ್ಲಜದಲ್ಲಿ ಹಿಂದೆ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುತ್ತಿದ್ದವರ ಮನೆಯ ಅಟ್ಟದಲ್ಲಿ ಟೇಪುಗಳು ಸಿಕ್ಕವಂತೆ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ, ಮೂರೂ ಊರಿನ ಕಾರ್ಯಕ್ರಮ ಹೇಗೆ ನಡೆಯಿತೋ ಹಾಗೇ, ಜನ ಕೆಮ್ಮಿದ್ದು, ಮಗು ಅತ್ತದ್ದು, ತಬಲಾ ಕುಟ್ಟಿ ಶ್ರುತಿ ಮಾಡಿದ್ದು, ಎಲ್ಲಾ ಅದರಲ್ಲಿ ಇದೆ. ಯಾರೋ ತೊಳೆದು ಸ್ವಚ್ಛ ಮಾಡಿ ಫೋನಿನಲ್ಲಿ ಬಿಟ್ಟಿದ್ದಾರೆ.

ಅಂದಿನಿಂದ ಜನಕ್ಕೆ ಹುಚ್ಚು ಹಿಡಿದಿದೆ. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಹಮಾಲರು ಹಾಡು ಮುಗಿಯುವವರೆಗೆ ಹೊತ್ತ ಬೆಲ್ಲದ ಅಚ್ಚು ಕೆಳಗಿಳಿಸುವುದಿಲ್ಲವಂತೆ. ಚಪ್ಪಲಿ ಅಂಗಡಿಗಳಲ್ಲಿ ಅದೇ, ರಿಕ್ಷಾಗಳಲ್ಲಿ ಅದೇ. ಗಡಹಿಂಗ್ಲಜದವರು ನಮ್ಮ ಊರಲ್ಲಿ ಹಾಡಿದ್ದೇ ಚೆಂದ ಅನ್ನುತ್ತಾರೆ, ಇಚಲಕರಂಜಿಯವರು ನಮ್ಮಲ್ಲಿ ಅನ್ನುತ್ತಾರೆ, ಚಹಾದ ಅಂಗಡಿಯಲ್ಲಿ ಜಗಳವೇ ಆಯಿತು. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಸುದ್ದಿ ಏನು ಗೊತ್ತೇ? ಗಡಹಿಂಗ್ಲಜದ ಕಾರ್ಯಕ್ರಮದಲ್ಲಿ ಬಾವಿಕಟ್ಟೆಯ ಹಾಡು ಮುಗಿದ ಕೂಡಲೇ ಒಬ್ಬ ಹುಡುಗ "ವನ್ಸ್ ಮೋರ್!" ಎಂದು ಒದರುತ್ತಾನೆ. ಜನ ನಗುತ್ತಾರೆ. ನೇಜಕರರು ಹಾಡಿದ ದನಿಯಲ್ಲೇ "ಯಾರಪಾ ಅದು?" ಅನ್ನುತ್ತಾರೆ. ಹುಡುಗ, "ಬಂಡೂ ಅಂತಾರ್ರಿ. ಇಚಲಕರಂಜಿಂದ ಸೈಕಲ್ ಮ್ಯಾಲೆ ಬಂದೇನ್ರಿ" ಅನ್ನುತ್ತಾನೆ. ಅವರು ನಕ್ಕು, "ಸೈಕಲ್ ತುಳದ ಕಾಲಿಗೆ ಒಂದ ಹಾಡ ಸಾಲೂದಿಲ್ಲ ಬಿಡ" ಎಂದು ಮತ್ತೆ ಹಾಡುತ್ತಾರೆ.

ಹೌದು ಮಗಳೇ, ಅದು ನಿಮ್ಮಪ್ಪನೇ. ನಿನಗೆ ಊಟ ಮಾಡಿಸುವಾಗಲೆಲ್ಲ ಹೇಳುತ್ತಿದ್ದ ಕಥೆ. ನಾನೂ ನೀನೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. "ಬಡಾಯಿ ಸಾಕ್ರಿ, ಸಾರ ಆರತೈತಿ" ಎಂದು ನಾನು ಎಷ್ಟು ಸಲ ಅಂದಿಲ್ಲ! ಈಗ ಊರ ತುಂಬ ಅವರು "ಸೈಕಲ್ ಬಂಡೂ". ಹುಡುಗರು ಆ ವನ್ಸ್ ಮೋರ್ ಅನ್ನು ಫೋನಿನ ರಿಂಗ್ ಮಾಡಿಕೊಂಡಿದ್ದಾರೆ. ಸೈಕಲ್ಲಿನಿಂದ ಬಿದ್ದು ಎದ್ದು ವನ್ಸ್ ಮೋರ್ ಎನ್ನುವ ವಿಡಿಯೋ ಮಾಡುತ್ತಾರೆ. ಭಾವುಸಾಹೇಬರು, ಅದೇ ನಿಮ್ಮಪ್ಪ ಇಷ್ಟು ವರ್ಷ ಮಗ್ಗ ರಿಪೇರಿಯ ಜಾಬರ ಆಗಿರುವ ಕಾರಖಾನೆಯ ಮಾಲಕರು, ಅವರೇ ನೇಜಕರ ಪ್ರೇಮಿ ಮಂಡಳದ ಅಧ್ಯಕ್ಷರು. ಕಾರಿನಿಂದ ಇಳಿದು ಓಣಿಯಲ್ಲೇ ನಿಮ್ಮಪ್ಪನನ್ನು ಅಪ್ಪಿಕೊಂಡು ಅತ್ತರು. "ನಮ್ಮ ಕಾರಖಾನ್ಯಾಗ ಇಟಗೊಂಡ ಊರೆಲ್ಲಾ ಹುಡುಕಾಕತ್ತಿದ್ವಲ್ಲೊ ಬಂಡೂ" ಅಂದರು. ಹೊಸ ಇಯರ್‌ಫೋನ್ ತಂದು ತಾವೇ ಕಿವಿಗೆ ಸಿಕ್ಕಿಸಿದರು. ಅವತ್ತಿನಿಂದ ನಿಮ್ಮಪ್ಪ ಕಾರಖಾನೆಯಿಂದ ಬಂದು ಕಾಲು ತೊಳೆದು ಬಾಗಿಲ ಹೊರಗಿನ ಹಗ್ಗದ ಮಂಚ, ಆ ಬಾಜಿನ ಮೇಲೆ ಕೂತು ಕಣ್ಣು ಮುಚ್ಚಿದರೆ ಮುಗಿಯಿತು. ತೊಡೆಯ ಮೇಲೆ ಬೆರಳು ತಾಳ ಹಾಕುತ್ತದೆ. ಓಣಿಯವರು ದನಿ ತಗ್ಗಿಸಿ ದಾಟಿ ಹೋಗುತ್ತಾರೆ.

ಈಗ ನಿಜ ಬರೆಯುತ್ತೇನೆ. ಮೊನ್ನೆ ಚಹಾ ಕೊಡಲು ಹೋದೆ. ಫೋನ್ ಅವರ ಪಕ್ಕ ಮಲಗಿತ್ತು. ಅದರ ಮೇಲೆ ಆ ಗುಂಡು ಗುರುತು ಸುಮ್ಮನೆ ತಿರುಗುತ್ತಿತ್ತು, ನೆಟ್ ಮುಗಿದಿತ್ತು, ಹಾಡು ನಿಂತಿತ್ತು. ಅವರ ಬೆರಳು ಮಾತ್ರ ನಿಂತಿರಲಿಲ್ಲ. ತಲೆಯೂ ತೂಗುತ್ತಿತ್ತು. ನಾನು ಮೆಲ್ಲಗೆ ಒಂದು ಕಡೆಯ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಇಟ್ಟುಕೊಂಡೆ. ಏನೂ ಇಲ್ಲ ಕಾಜಲ, ಏನೇನೂ ಇಲ್ಲ. ಅವರು ಕಣ್ಣು ತೆರೆದು ನನ್ನನ್ನು ನೋಡಿ, "ಆಹಾ! ಏನ ಹಾಡ್ಯಾರ ನೋಡ" ಎಂದು ಕಣ್ಣು ಒರೆಸಿಕೊಂಡರು. ನಾನು ಅದನ್ನು ಮತ್ತೆ ಅವರ ಕಿವಿಗೆ ಸಿಕ್ಕಿಸಿ ಒಳಗೆ ಬಂದೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ಗೊತ್ತಾಗಲಿಲ್ಲ.

ಆಮೇಲೆ ಪರೀಕ್ಷೆ ಮಾಡಿದೆ. ಅವರ ಬೆನ್ನ ಹಿಂದೆ ತಾಟು ಬೀಳಿಸಿದೆ, ತಿರುಗಲಿಲ್ಲ. ಕುಕ್ಕರ್ ಕೂಗಿತು, ತಿರುಗಲಿಲ್ಲ. ನಿನ್ನೆ ಫಾಟಾದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದಿನಿಂದ ಹಾರ್ನ್ ಬಾರಿಸುತ್ತಾ ಬಂತು, ಇವರು ನಡುರಸ್ತೆಯಲ್ಲಿ ಮದುಮಗನ ಹಾಗೆ ನಡೆಯುತ್ತಿದ್ದರು. ತೋಳು ಹಿಡಿದು ಎಳೆದೆ. "ಏನಾತ ನಿನಗ?" ಎಂದು ನನ್ನನ್ನೇ ಬೈದರು. ಟ್ರ್ಯಾಕ್ಟರಿನ ಗಾಳಿ ಬಡಿದಾಗ ಅವರ ಮುಖ ನೋಡಬೇಕಿತ್ತು ನೀನು.

ಇಷ್ಟು ದಿನ ಯಾರಿಗೂ ಹೇಗೆ ತಿಳಿಯಲಿಲ್ಲ ಎನ್ನುತ್ತೀಯಾ? ನಾವು ಮಗ್ಗದವರಲ್ಲದಿದ್ದರೆ ಎಂದೋ ತಿಳಿಯುತ್ತಿತ್ತು. ಕಾರಖಾನೆಯ ಸದ್ದಿನಲ್ಲಿ ಕಿವಿ ಯಾರಿಗೆ ಬೇಕು? ಅಲ್ಲಿ ಎಲ್ಲರೂ ತುಟಿ ನೋಡಿ ಮಾತಾಡುವವರು, ಉಳಿದದ್ದು ಕೈಸನ್ನೆ. ಹೊರಗೆ ಬಂದ ಮೇಲೂ ಮುಖಕ್ಕೆ ಮುಖ ಕೊಟ್ಟು ಬಾಯಿ ಅಗಲ ಮಾಡಿ ಮಾತಾಡುತ್ತೇವೆ. ನೀನು ಸಣ್ಣವಳಿದ್ದಾಗ ಕಾರಖಾನೆಯ ಬಾಗಿಲಲ್ಲಿ ನಿಂತು, ದನಿಯಿಲ್ಲದೆ ತುಟಿಯಲ್ಲೇ ಪೇಪರಮಿಂಟು ಕೇಳುತ್ತಿದ್ದೆ, ಅವರು ಅಷ್ಟು ದೂರದಿಂದ "ಇಲ್ಲ" ಎಂದು ತುಟಿಯಲ್ಲೇ ಹೇಳುತ್ತಿದ್ದರು. ಅವರ ಕಿವಿ ಯಾವಾಗ ಹೋಯಿತೋ ಅವರಿಗೇ ಗೊತ್ತು. ಈಗ ಒಂದೊಂದೇ ಹೊಂದುತ್ತಿದೆ. ನೀನು ವಿಡಿಯೋ ಕಾಲ್ ಮಾಡಿದರೆ ಖುಷಿಯಿಂದ ಮಾತಾಡುತ್ತಾರೆ, ಬರೀ ಕಾಲ್ ಬಂದರೆ "ನಿಮ್ಮವ್ವನ ಜೋಡಿ ಮಾತಾಡ" ಎಂದು ನನ್ನ ಕೈಗೆ ಕೊಡುತ್ತಾರೆ. ಮಗ್ಗ ಕೆಟ್ಟರೆ ಮೊದಲು ಕಿವಿ ಕೊಡುತ್ತಿದ್ದವರು ಈಗ ಅಂಗೈ ಇಟ್ಟು ನೋಡುತ್ತಾರೆ. ಎಲ್ಲಾ ಸಂಭಾಳಿಸಿಕೊಂಡು ಬಂದಿದ್ದಾರೆ. ಆದರೆ ಟೇಪಿನ ಹಾಡಿಗೆ ತುಟಿ ಎಲ್ಲಿಂದ ಬರಬೇಕು? ತನ್ನ ಹರೆಯದ ದನಿ, ತನ್ನ ದೇವರಂಥ ಗಾಯಕ ತನ್ನ ಹೆಸರು ಕೇಳಿದ ದನಿ, ಇಡೀ ಜಿಲ್ಲೆ ಕೇಳುತ್ತಿದೆ, ಅವರೊಬ್ಬರಿಗೆ ಕೇಳುತ್ತಿಲ್ಲ.

ಅಳುತ್ತಾ ಕೂರಲೂ ವೇಳೆಯಿಲ್ಲ. ೨೩ನೇ ತಾರೀಖು ರವಿವಾರ ಸಂಜೆ ಕೊಲ್ಹಾಪುರದಲ್ಲಿ ಮಂಡಳದ ದೊಡ್ಡ ಕಾರ್ಯಕ್ರಮ. ನಿಮ್ಮಪ್ಪನ ಹಳೆಯ ಸೈಕಲ್ಲಿಗೆ ಬಣ್ಣ ಹೊಡೆಸಿ ವೇದಿಕೆಯ ಮೇಲೆ ನಿಲ್ಲಿಸುತ್ತಾರಂತೆ, ಪಕ್ಕದಲ್ಲಿ ಇವರು. ಸಭಾಗೃಹದ ದೀಪವೆಲ್ಲಾ ಆರಿಸಿ, ಇವರ ಮೇಲೊಂದೇ ಗುಂಡು ಬೆಳಕು ಬಿಟ್ಟು, ಗಡಹಿಂಗ್ಲಜದ ಬಾವಿಕಟ್ಟೆಯ ಹಾಡು ಹಚ್ಚುತ್ತಾರೆ. ಹಾಡು ಮುಗಿದ ಆ ಕ್ಷಣಕ್ಕೆ ಟೇಪಿನ ಬಂಡೂನ ಜೊತೆ ಈ ಬಂಡೂ ಕೂಡ ವನ್ಸ್ ಮೋರ್ ಎಂದು ಒದರಬೇಕು. ಭಾವುಸಾಹೇಬರ ಕಲ್ಪನೆ. ಅವರ ಆಫೀಸಿನಲ್ಲಿ ತಾಲೀಮೂ ಆಯಿತು, ನಾನು ಊಟದ ಡಬ್ಬಿ ಒಯ್ದಾಗ ನೋಡಿದೆ. ಭಾವುಸಾಹೇಬರು ಹಾಡಿನ ಗುಂಗಿನಲ್ಲಿ ಕೈ ಎತ್ತಿ ಇಳಿಸಿದರು, ಆ ಕೈ ನೋಡಿ ಇವರು ಸರಿಯಾಗಿ ಒದರಿದರು. "ವೈನಿ, ಬಂಡೂನ ಕಿವಿ ಅಂದ್ರ ಕಿವಿ!" ಎಂದು ಅವರು ನನ್ನನ್ನು ನೋಡಿ ನಕ್ಕರು. ನಾನು ಸೆರಗಿನೊಳಗೆ ಸತ್ತು ಹೋದೆ. ಆ ಬೆಳಕು ಕಣ್ಣಿಗೆ ಹೊಡೆದು, ಎದುರಿಗೆಲ್ಲ ಕತ್ತಲಾದರೆ ಇವರು ಯಾರ ಕೈ ನೋಡಬೇಕು? ನೇಜಕರರು ಮೆಲುದನಿಯಲ್ಲಿ ಹಾಡುತ್ತಿರುವಾಗ ನಡುವೆಯೇ ಒದರಿದರೆ? ಎಲ್ಲರೂ ಒದರಿ ಮುಗಿಸಿ, ನಕ್ಕು, ಸುಮ್ಮನಾದ ಮೇಲೆ ಒಬ್ಬರೇ ಒದರಿದರೆ? ಅಷ್ಟೂ ಫೋನುಗಳು ವಿಡಿಯೋ ಹಿಡಿದಿರುತ್ತವೆ. ಜನ ನಗುತ್ತಾರೆ ಕಾಜಲ. ಆ ನಗೆಯೂ ಅವರಿಗೆ ಕೇಳುವುದಿಲ್ಲ, ನೋಡುತ್ತಾ ನಿಂತಿರುತ್ತಾರೆ.

ಭಾವುಸಾಹೇಬರಿಗೆ ಹೇಳಿಬಿಡಲು ಬಾಯಿ ಬರುತ್ತಿಲ್ಲ. ಒಳ್ಳೆಯ ಮನುಷ್ಯರೇ, ಆದರೆ ಕಿವುಡ ಜಾಬರನನ್ನು ತಿರುಗುವ ಮಗ್ಗದ ನಡುವೆ ಯಾವ ಮಾಲಕ ಬಿಡುತ್ತಾನೆ? ಮನೆಯಲ್ಲಿ ಕೂಡು ಅಂದರೆ ಇವರು ಒಂದು ವಾರ ತಡೆಯುವುದಿಲ್ಲ. ಇವರನ್ನೇ ಕೇಳೋಣವೆಂದರೆ ಇಷ್ಟು ಜೋಪಾನವಾಗಿ ಮುಚ್ಚಿಟ್ಟದ್ದನ್ನು ನಾನು ಹೇಗೆ ಬಿಚ್ಚಲಿ? ಮೊದಲೇ ನನ್ನ ಮೇಲೆ ಮನಸ್ಸಿಲ್ಲ. ಅದಕ್ಕೇ ನಿನ್ನನ್ನು ಕರೆಯುತ್ತಿದ್ದೇನೆ. ಏನಾದರೂ ಮಾಡಿ ಶನಿವಾರ, ರವಿವಾರ, ಸೋಮವಾರ ರಜೆ ತೆಗೆದುಕೋ. ರವಿವಾರ ನೀನು ಮೊದಲ ಸಾಲಿನಲ್ಲಿ, ಅವರ ನೇರ ಎದುರಿಗೆ ಕೂತುಕೊಳ್ಳಬೇಕು. ರಾತ್ರಿ ಬಸ್ಸಿನಲ್ಲಿ ಟಿಕೆಟ್ ನೋಡಲು ಇಟ್ಟುಕೊಂಡಿರುವ ಸಣ್ಣ ಬ್ಯಾಟರಿಯ ಬೆಳಕನ್ನು ನಿನ್ನ ಮುಖದ ಮೇಲೆ ಬಿಟ್ಟುಕೋ. ಹಾಡನ್ನು ತುಟಿಯಲ್ಲೇ ಹೇಳುತ್ತಾ ಹೋಗು, ಮುಗಿದ ಕೂಡಲೇ ಮಗ್ಗ ಚಾಲೂ ಮಾಡು ಎನ್ನಲು ಕೈ ಎತ್ತಿ ಇಳಿಸುತ್ತೇವಲ್ಲ, ಆ ಸನ್ನೆ ಮಾಡು. ನಿನ್ನ ತುಟಿ ಅವರಿಗೆ ಎಂದೂ ತಪ್ಪಿಲ್ಲ. ಸೋಮವಾರ ಕಿವಿಯ ಡಾಕ್ಟರರ ಹತ್ತಿರ ನೀನೇ ಕರೆದುಕೊಂಡು ಹೋಗು, ನೀನು ಹೇಳಿದರೆ ಮಾತ್ರ ಬರುತ್ತಾರೆ.

ನಾನು ಕಾರ್ಯಕ್ರಮಕ್ಕೆ ಬರುವುದಿಲ್ಲ. ವೈನಿಗೆ ಸೀರೆ ಉಡಿಸಿ ಸತ್ಕಾರ ಮಾಡುತ್ತೇವೆ ಅಂದಿದ್ದಾರೆ. ಅಷ್ಟು ಜನರ ಮುಂದೆ ಈ ಬಾಯಿ ಹೊತ್ತು ನಾನು ಹೇಗೆ ಬರಲಿ? ಮನೆಯಲ್ಲೇ ದೀಪ ಹಚ್ಚಿ ಕೂತಿರುತ್ತೇನೆ. ಅವತ್ತು ಫೋನ್ ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ, ಎಲ್ಲಾ ಸರಿಹೋದರೆ ಒಂದು ಮೆಸೇಜ್ ಹಾಕು.

ನಿನ್ನ ಜೊತೆ ಇರುವ ಹುಡುಗಿಯರಿಗೆ ನಾನು ಕೇಳಿದೆ ಎಂದು ಹೇಳು. ಡ್ರೈವರ್ ಮಾಮಾನಿಗೆ ಘಾಟಿನಲ್ಲಿ ಮೆಲ್ಲಗೆ ಎಂದು ಹೇಳು. ನೀನು ನಿಂತ ಬಸ್ಸೂ ನೀನು ತುಳಿದ ದಾರಿಯೂ ನಿನ್ನನ್ನು ಸುಖವಾಗಿ ಇಡಲಿ.

ನಿನ್ನ ದಾರಿ ನೋಡುತ್ತಿರುವ ಅವ್ವ,
ಶೆವಂತಾ

ತಾ. ಕ.: ಪಾಕೀಟು ಅಂಟಿಸುತ್ತಿದ್ದೆ, ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡೂ ಕಾರಖಾನೆ ಒಮ್ಮೆಲೇ ನಿಂತವು, ಓಣಿಯಲ್ಲಿ ಕಾಗೆ ಕೂಗಿದ್ದೂ ಕೇಳಿತು. ನಿಮ್ಮಪ್ಪ ಬಾಜಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಹಿಂದಿನಿಂದ "ರೀ" ಅಂದೆ, ಮತ್ತೆ ಜೋರಾಗಿ ಅಂದೆ. ಇಲ್ಲ. ನನಗೆ ಏನಾಯಿತೋ, ಎದುರಿಗೆ ಹೋಗಿ ಎರಡೂ ಕೈಯಿಂದ ಎರಡೂ ಇಯರ್‌ಫೋನ್ ಕಿತ್ತುಬಿಟ್ಟೆ. ಎರಡೂ ಕೈ ಅಲ್ಲಿದ್ದವು, ಸೆರಗು ಜಾರಿತು. "ನಿಮಗ ಕೇಳ್ಸೂದಿಲ್ಲ, ಹೌದಲ್ರಿ?" ಅಂದೆ. ಅವರು ನನ್ನ ಬಾಯಿಯನ್ನೇ ನೋಡಿದರು. ಮುಚ್ಚಿಕೊಳ್ಳಲು ಹೋದೆ, ಕೈ ಹಿಡಿದರು. "ಬ್ಯಾಡ, ಮುಚ್ಚಬ್ಯಾಡ. ಯುಗಾದಿಯಿಂದ ನಿನ್ನ ಒಂದ ಮಾತ ನನಗ ತಿಳದಿಲ್ಲ ಶೆವಂತಾ. ಸೆರಗಿನ್ಯಾಗ ಮಾತಾಡಿದ್ರ ನಾ ಎಲ್ಲಿ ನೋಡ್ಲಿ? ಏನಂದಿ ಅಂತ ಕೇಳಿದ್ರ ಗುಟ್ಟ ಹೊರಗ ಬೀಳತೈತಿ, ಅದಕ್ಕ ಹ್ಞೂಂ ಅಂದ ಎದ್ದ ಹೋಗ್ತಿದ್ದೆ" ಅಂದರು. ಕಾಜಲ, ನಾನು ಹಿತ್ತಲಲ್ಲಿ ಅತ್ತದ್ದೆಲ್ಲಾ ಸುಮ್ಮನೇ ಅತ್ತೆ.

ನಿನ್ನನ್ನು ಮುಂದೆ ಕೂರಿಸುವ ಯೋಚನೆ ಹೇಳಿದೆ. ನನ್ನ ಮುಖ ಬೆಳಕಿಗೆ ಹಿಡಿದು, ಬಾವಿಕಟ್ಟೆಯ ಹಾಡು ತುಟಿಯಲ್ಲಿ ಹೇಳು ಅಂದರು. ಎಡಗಡೆ ಎಳೆಯಿತು, ಆದರೂ ಹೇಳಿದೆ. ಕೊನೆಗೆ ಕೈ ಇಳಿಸಿದೆ. ಅವರು ಓಣಿ ಬೆಚ್ಚುವಂತೆ "ವನ್ಸ್ ಮೋರ್!" ಎಂದು ಒದರಿ, "ಕಾಜಲನ ತುಟಿ ಚೆಂದ, ಆದ್ರ ನನಗ ರೂಢಿ ಇದ್ದದ್ದ ಇದು. ನೀನ ಮುಂದ ಕುಂದ್ರ" ಅಂದರು. ಒಮ್ಮೆ ಒದರಿ ಕೆಳಗಿಳಿದು ಭಾವುಸಾಹೇಬರಿಗೆ ತಾವೇ ಎಲ್ಲಾ ಹೇಳುತ್ತಾರಂತೆ, ಸೋಮವಾರ ಡಾಕ್ಟರಿಗೂ ಬರುತ್ತಾರಂತೆ. ಅಷ್ಟು ಜನ, ಕತ್ತಲು, ಅದರಲ್ಲಿ ನನ್ನ ಮುಖ ಒಂದಕ್ಕೇ ಬೆಳಕು. ಆದರೂ ಕೂರುತ್ತೇನೆ. ನೀನು ತಪ್ಪದೆ ಬಂದು ನನ್ನ ಮಗ್ಗುಲಲ್ಲೇ ಕೂತುಕೋ. ಬರುವಾಗ ಆ ಸಣ್ಣ ಬ್ಯಾಟರಿ ತಾ, ಹೊಸ ಸೆಲ್ ಹಾಕಿಸಿಕೊಂಡು ಬಾ. ಬೆಳಕು ಮಸುಕಾದರೆ ಅವರಿಗೆ ನಾನು ಕಾಣುವುದಿಲ್ಲ.